ಧಾಟಿ: ಸ್ವಂತ

2022ರ ಏಪ್ರಿಲ್. ಸುರಪುರದ ರಂಗಂಪೇಟೆಯಲ್ಲಿ, ಗೊಬ್ಬರದ ಅಂಗಡಿಯೊಂದರ ಮಾಳಿಗೆಯ ಮೇಲೆ ನಾನು ಸಣ್ಣದೊಂದು ರೆಕಾರ್ಡಿಂಗ್ ಸ್ಟುಡಿಯೋ ನಡೆಸುತ್ತಿದ್ದೆ. ಹನ್ನೆರಡಕ್ಕೆ ಹತ್ತು ಅಡಿಯ ಕೋಣೆ, ಸದ್ದು ಹೊರಗೆ ಹೋಗದಂತೆ ಗೋಡೆಗೆ ಬಡಿದ ಹಳೆಯ ಹತ್ತಿ ಗಾದಿಗಳು, ಒಂದು ಕಂಪ್ಯೂಟರ್, ಎರಡು ಸ್ಪೀಕರ್, ಒಂದು ಕೀಬೋರ್ಡ್. ಅದಕ್ಕೆ ಮೊದಲು ಕಲಬುರಗಿಯಲ್ಲಿ ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ, ಯಾದಗಿರಿಯ ಕಾಲೇಜೊಂದರಲ್ಲಿ ನಾಲ್ಕು ವರ್ಷ ಅತಿಥಿ ಉಪನ್ಯಾಸಕನಾಗಿದ್ದೆ. ಅಲ್ಲಿ ನಿಲ್ಲಲಿಲ್ಲ. ಬೆಳೆ ಸಮೀಕ್ಷೆಯ ಕೆಲಸ ಹಿಡಿದೆ. ಅಲ್ಲಿಯೂ ನಿಲ್ಲಲಿಲ್ಲ.

ಈಗ ಹೇಳುವ ಸಂಗತಿಯನ್ನು ‘ಮೂರು ದಿನದ ಕೆಲಸ’ ಎಂದೇ ಎಲ್ಲರಿಗೂ ಹೇಳುತ್ತ ಬಂದಿದ್ದೇನೆ. ಬರೆಯಲು ಕೂತಾಗ ಕಂಪ್ಯೂಟರಿನ ಹಳೆಯ ಫೋಲ್ಡರ್ ತೆರೆದು ನೋಡಿದೆ. ಫೈಲುಗಳ ಮೇಲಿರುವ ದಿನಾಂಕ ಏಪ್ರಿಲ್ 11, 12, ಆಮೇಲೆ 19. ಒಂದರ ಹಿಂದೊಂದು ಬಂದ ಮೂರು ದಿನಗಳೆಂದು ನನ್ನ ನೆನಪು ಹೇಳುತ್ತದೆ. ನಡುವೆ ಒಂದು ವಾರ ಬಿಟ್ಟುಹೋಗಿತ್ತೆಂದು ಯಂತ್ರ ಹೇಳುತ್ತದೆ. ಇಂಥಲ್ಲೆಲ್ಲ ನಾನು ಯಂತ್ರವನ್ನು ನಂಬುತ್ತೇನೆ. ಓದುಗರು ನನ್ನ ಉಳಿದ ಮಾತುಗಳನ್ನೂ ಅಷ್ಟೇ ಎಚ್ಚರದಿಂದ ತೆಗೆದುಕೊಳ್ಳಬೇಕು.

ಕೆಲಸದ ಬಗ್ಗೆ ಒಂದೆರಡು ಮಾತು. ಮಿಡಿ ಎಂದರೆ ಸಂಗೀತಗಾರರ ಕಂಪ್ಯೂಟರಿನಲ್ಲಿ ಸ್ವರಗಳನ್ನು ಬರೆದಿಡುವ ರೀತಿ. ಅದರಲ್ಲಿ ಧ್ವನಿ ಇರುವುದಿಲ್ಲ. ಕೀಬೋರ್ಡಿನ ಯಾವ ಮನೆ ಒತ್ತಬೇಕು, ಎಷ್ಟು ಜೋರಾಗಿ, ಎಷ್ಟು ಹೊತ್ತು ಎಂಬ ಸೂಚನೆಗಳಷ್ಟೇ ಇರುತ್ತವೆ. ಆ ಸೂಚನೆಗಳನ್ನು ಪಗಡೆ ಎಸೆದಂತೆ ತಾನೇ ಹುಟ್ಟಿಸುವ ಸಾಧನಗಳಿವೆ. ರ‍್ಯಾಂಡಮ್ ಜನರೇಟರ್ ಎನ್ನುತ್ತಾರೆ. ಯಾವ ಸ್ವರಗಳು ಬರಬಹುದು, ಯಾವುದು ಹೆಚ್ಚು ಬರಬೇಕು, ಸಾಲಿಗೆ ಎಷ್ಟು ಸ್ವರ ಎಂದು ನಾವು ಕಟ್ಟು ಹಾಕುತ್ತೇವೆ. ಉಳಿದದ್ದು ಅದೃಷ್ಟಕ್ಕೆ ಬಿಟ್ಟದ್ದು. ಮದುವೆ ಮೆರವಣಿಗೆಯ ಡಿಜೆ ಟ್ರ್ಯಾಕುಗಳಿಗೆ ಹೊಸ ತುಣುಕು ಬೇಕಾದಾಗ ನಾನು ಇದನ್ನೇ ಬಳಸುತ್ತಿದ್ದೆ. ನೂರು ಸಾಲು ಹುಟ್ಟಿಸಿದರೆ ಎರಡು ಕಿವಿಗೆ ಹಿಡಿಸುತ್ತಿದ್ದವು.

ಹನ್ನೊಂದನೆಯ ತಾರೀಖು ಬೆಳಗ್ಗೆ ಶಹಾಪುರ ಕಡೆಯ ಬಸ್ಸಿಳಿದು ಇಬ್ಬರು ಬಂದರು. ಅರವತ್ತರ ಆಸುಪಾಸಿನ ಗುರುಬಸಮ್ಮ, ಜೊತೆಗೆ ಅವರ ಊರಿನ ಭಜನಾ ಸಂಘದ ತಬಲಾಗಾರ ಚಾಂದಪಾಶಾ. ಗುರುಬಸಮ್ಮನ ಗಂಡ ಮಲ್ಲಣ್ಣ ಆ ಸಂಘದ ಹಾರ್ಮೋನಿಯಂ ಮಾಸ್ತರ. ಹಿಂದಿನ ವರ್ಷ ಮೇ ತಿಂಗಳಲ್ಲಿ ಕೊರೋನಾ ಬಂದು ತೀರಿಕೊಂಡಿದ್ದರು.

ಆಕೆ ಸೆರಗಿನೊಳಗಿಂದ ಒಂದು ನೋಟ್‌ಬುಕ್ ತೆಗೆದು ಮುಂದಿಟ್ಟಳು. ನಮ್ಮ ಕಡೆಯ ಭಜನಾ ಸಂಘಗಳ ನೋಟ್‌ಬುಕ್ ನೋಡಿದವರಿಗೆ ಗೊತ್ತು: ಪದ ಪೂರ್ತಿ ಬರೆದಿರುತ್ತಾರೆ, ರಾಗ ಬರೆಯುವುದಿಲ್ಲ. ಪುಟದ ನೆತ್ತಿಯ ಮೇಲೆ ‘ಧಾಟಿ’ ಎಂದು ಬರೆದು, ಎಲ್ಲರಿಗೂ ಬರುವ ಇನ್ಯಾವುದೋ ಹಾಡಿನ ಮೊದಲ ಸಾಲು ಹಾಕುತ್ತಾರೆ. ಅದರಂತೆ ಹಾಡಿಕೊಳ್ಳಿ ಎಂದರ್ಥ. ಮಲ್ಲಣ್ಣನ ನೋಟ್‌ಬುಕ್ಕಿನಲ್ಲಿ ಪ್ರತಿ ಪುಟವೂ ಹಾಗೆಯೇ ಇತ್ತು. ಕೊನೆಯ ಪುಟದಲ್ಲಿ ಮಾತ್ರ ‘ಧಾಟಿ: ಸ್ವಂತ’ ಎಂದಿತ್ತು. ಕೆಳಗೆ ಅವರೇ ಕಟ್ಟಿದ ಪದ. ಮೊದಲ ಸಾಲು: ‘ಕಟ್ಟಿದ ಬುತ್ತಿ ಬಿಟ್ಟೇನ.’

“ಇದು ಹೆಣ ಎತ್ತೂ ಮುಂದ ಹಾಡೂ ಪದ, ತಮ್ಮಾ,” ಎಂದಳು ಗುರುಬಸಮ್ಮ. “ಸುತ್ತ ಹತ್ತ ಹಳ್ಳ್ಯಾಗ ಯಾರ ಸತ್ರೂ ಅವರು ಹೋಗಿ ಹಾಡ್ಯಾರ. ಅವರಿಗಿ ಯಾರೂ ಹಾಡಲಿಲ್ಲ. ಪ್ಲಾಸ್ಟಿಕ್‌ನ್ಯಾಗ ಸುತ್ತಿ ಒಯ್ದ್ರು. ನಮಗ ಮಾರೀನೂ ತೋರಸಲಿಲ್ಲ. ವರ್ಷದ ಪುಣ್ಯತಿಥಿ ಬರಾಕತ್ತದ. ಒಮ್ಮೆ, ಒಂದಾ ಸಲ, ಅವರ ಧಾಟ್ಯಾಗ ಅವರಿಗಿ ಹಾಡಸಬೇಕು.”

“ಹಾಡಸ್ರಿ. ಟ್ರ್ಯಾಕ್ ನಾ ಮಾಡಿಕೊಡ್ತೀನಿ. ಧಾಟಿ ಹಾಡಿ ತೋರಸ್ರಿ,” ಎಂದೆ.

ಆ ಧಾಟಿ ಇಬ್ಬರಿಗೂ ಬರುತ್ತಿರಲಿಲ್ಲ.

ಅದು ಸಾವಿನ ಪದ. ಮನೆಯಲ್ಲಿ ಗುನುಗಬಾರದು, ತಾಲೀಮಿನಲ್ಲಿ ಹಾಡಬಾರದು, ರೆಕಾರ್ಡ್ ಮಾಡಬಾರದು ಎಂದು ಮಲ್ಲಣ್ಣ ಇರುವವರೆಗೆ ಕಟ್ಟುಪಾಡಿತ್ತು. ಸಂಘದವರು ಕಡೆಯಲ್ಲಿ ‘ಹರ ಹರ’ ಅನ್ನುವುದಷ್ಟೇ, ಪದ ಮಲ್ಲಣ್ಣನೊಬ್ಬನದೇ. ಹೆಂಡತಿ ಅದನ್ನು ಕೇಳಿದ್ದು ಹೆಂಗಸರ ಗುಂಪಿನಲ್ಲಿ, ಅಳುವಿನ ನಡುವೆ, ಐದಾರು ಸಲ.

“ಮತ್ತ ನೀವು? ತಬಲಾ ನೀವ ಬಾರಿಸೀರಲ್ಲ?” ಎಂದು ಚಾಂದಪಾಶಾನನ್ನು ಕೇಳಿದೆ.

“ಠೇಕಾ ಕೇಳ್ರಿ, ನಿದ್ದ್ಯಾಗ ಬಾರಸ್ತೀನಿ. ಧಾಟಿ ಬಾಯಿಗಿ ಬರ್ತದ ಸರ್, ಬರೂದ್ರಾಗ ಮತ್ತೊಂದು ಪದ ಆಗಿಬಿಡ್ತದ,” ಎಂದ. “ಆದ್ರ ಕೇಳಿದ್ರ ಗುರ್ತ ಹಿಡೀತೀವಿ. ವೈನಿನೂ ಹಿಡೀತಾರ,” ಎಂದು ಗುರುಬಸಮ್ಮನತ್ತ ಕೈ ಮಾಡಿದ.

ಕೇಳಿದರೆ ಗುರುತು ಹಿಡಿಯುತ್ತೇವೆ. ಈ ಮಾತಿನಿಂದ ನನಗೆ ಜನರೇಟರ್ ನೆನಪಾಯಿತು. ಮೊದಲ ಸಾಲಿಗೆ ಎಂಟು ಅಕ್ಷರ; ಎಂಟು ಸ್ವರ ಎಂದು ಇಟ್ಟುಕೊಂಡೆ. ಮಲ್ಲಣ್ಣ ಹಾಡುತ್ತಿದ್ದ ಶ್ರುತಿ, ಹೆಚ್ಚು ಬಳಸುತ್ತಿದ್ದ ಏಳು ಸ್ವರಗಳು ಚಾಂದಪಾಶಾಗೆ ಗೊತ್ತಿದ್ದವು. ಮೊದಲ ಸಾಲು ಸಿಕ್ಕರೆ ಉಳಿದದ್ದು ನೆನಪಿಗೆ ಬರಬಹುದು. ಯಂತ್ರ ಒಂದೊಂದೇ ಸಾಲು ನುಡಿಸಬೇಕು. ಇವರು ಹೌದು, ಅಲ್ಲ ಅನ್ನಬೇಕು.

ಆದರೆ ಲೆಕ್ಕವನ್ನೂ ಅಲ್ಲಿಯೇ ಹಾಕಿದ್ದೆ. ಏಳು ಸ್ವರಗಳಲ್ಲಿ ಎಂಟು ಸ್ವರದ ಸಾಲನ್ನು ಐವತ್ತೇಳು ಲಕ್ಷ ಅರವತ್ನಾಲ್ಕು ಸಾವಿರದ ಎಂಟುನೂರ ಒಂದು ಬಗೆಯಲ್ಲಿ ಕಟ್ಟಬಹುದು. ಕಟ್ಟು ಎಷ್ಟು ಬಿಗಿ ಮಾಡಿದರೂ ನಾವು ಕೇಳುವ ನಾಲ್ಕೈದು ನೂರರಲ್ಲಿ ಅದೇ ಬರುವ ಸಂಭವ ಇಲ್ಲವೆನ್ನುವಷ್ಟು ಕಡಿಮೆ. ಇದನ್ನು ಅವರಿಗೆ ಹೇಳಲಿಲ್ಲ. ಕೇಳಿ ಕೇಳಿ ದಣಿದ ಮೇಲೆ ಹತ್ತಿರದ್ದೊಂದನ್ನು ಆಕೆಯೇ ಒಪ್ಪಿಕೊಳ್ಳುತ್ತಾಳೆ, ಮನಸ್ಸಿಗೆ ಸಮಾಧಾನವಾಗುತ್ತದೆ ಎಂದು ಒಳಗೊಳಗೇ ತೀರ್ಮಾನಿಸಿದ್ದೆ.

ಮೊದಲ ದಿನ ಇನ್ನೂರರಷ್ಟು ಸಾಲು ಕೇಳಿದರು. ಗುರುಬಸಮ್ಮ ಕಣ್ಣು ಮುಚ್ಚಿ, ಕೈ ಮಡಿಲಲ್ಲಿಟ್ಟು ಕುಳಿತಿದ್ದಳು. ಪ್ರತಿ ಸಲವೂ “ಅಲ್ಲ” ಎಂಬ ಒಂದೇ ಮಾತು. ಚಾಂದಪಾಶಾ ಮೇಜಿನ ಅಂಚಿನ ಮೇಲೆ ಠೇಕಾ ಹಿಡಿಯುತ್ತ, ನಡುನಡುವೆ ನಗಿಸಲು ನೋಡುತ್ತಿದ್ದ.

“ಇದು ಪದ ಅಲ್ರೀ ಸರ್, ಕಟಗಿ ಒಡದಂಗ ಅದ. ಈ ಮಷೀನಿಗಿ ಒಂದ್ ಕಪ್ ಚಾ ಕುಡಸ್ರಿ.”

“ಸುಮ್ಮ ಕುಂದ್ರೋ ಚಾಂದಣ್ಣ. ನಿನ್ನ ಬಾಯಿಕ್ಕಿಂತ ಅದಾ ಚಲೋ ಹಾಡಾಕತ್ತದ,” ಎಂದಳು ಆಕೆ, ಕಣ್ಣು ತೆರೆಯದೆ.

ಆ ದಿನದ ಇನ್ನೂರೂ ಸಾಲುಗಳನ್ನು ರೆಕಾರ್ಡ್ ಮಾಡಿಟ್ಟಿದ್ದೆ. ಇಂದಿಗೂ ಇವೆ. ಒಂದೂ ಕೆಲಸಕ್ಕೆ ಬಾರದು.

ಮರುದಿನ ರೆಕಾರ್ಡ್ ಒತ್ತಲಿಲ್ಲ. ಮರೆತದ್ದಲ್ಲ. ಕಸವನ್ನು ತುಂಬಿಡುವುದೇಕೆ ಎಂದುಕೊಂಡೆ. ಒಂದು ಸಾಲು ಮುಗಿದು ಮತ್ತೆ ಗುಂಡಿ ಒತ್ತಿದ ಕೂಡಲೇ ಹಳೆಯದು ಅಳಿದು ಹೊಸದು ಹುಟ್ಟುವಂತೆ ಸಾಧನವನ್ನು ಹೊಂದಿಸಿದೆ; ಹನ್ನೆರಡರ ಫೈಲಿನಲ್ಲಿ ಉಳಿದಿರುವುದು ಆ ಹೊಂದಿಕೆಯೊಂದೇ. ಕೆಲಸ ಬೇಗ ಸಾಗುತ್ತಿತ್ತು.

ಹನ್ನೊಂದು ಗಂಟೆಯ ಸುಮಾರಿಗೆ ಒಂದು ಸಾಲು ನುಡಿಯಿತು. ಚಾಂದಪಾಶಾನ ಬೆರಳು ಮೇಜಿನ ಮೇಲೆಯೇ ನಿಂತವು. ಗುರುಬಸಮ್ಮ ಕಣ್ಣು ತೆರೆದಳು. ಆಕೆ ನನ್ನನ್ನಾಗಲಿ ಯಂತ್ರವನ್ನಾಗಲಿ ನೋಡಲಿಲ್ಲ. ಬಾಗಿಲ ಕಡೆ ನೋಡಿದಳು, ಯಾರೋ ಬಂದರೆಂಬಂತೆ.

“ಇದಾ,” ಎಂದಳು. “ಇದಾ, ತಮ್ಮಾ. ಮತ್ತೊಮ್ಮಿ ಹಚ್ಚು.”

ನಾನು ಗುಂಡಿ ಒತ್ತಿದೆ.

ಹೊಸ ಸಾಲು ನುಡಿಯಿತು. ಸಂಬಂಧವೇ ಇಲ್ಲದ್ದು.

ಇಂಥ ಸಾಧನಗಳಲ್ಲಿ ಪ್ರತಿ ಎಸೆತಕ್ಕೂ ಒಂದು ಸಂಖ್ಯೆ ಇರುತ್ತದೆ. ಅದನ್ನು ಗುರುತು ಹಾಕಿಕೊಂಡಿದ್ದರೆ ಅದೇ ಸಾಲನ್ನು ಮತ್ತೆ ಹುಟ್ಟಿಸಬಹುದು. ಪರದೆಯ ಮೂಲೆಯಲ್ಲಿ ಆ ಸಂಖ್ಯೆಯೂ ಬದಲಾಗಿತ್ತು. ಹಿಂದಿನ ಸಾಲಿಗೆ ಮರಳುವ ದಾರಿ ಹುಡುಕಿದೆ; ಅಳಿಸುವಂತೆ ನಾನೇ ಹೊಂದಿಸಿದ್ದರಿಂದ ಅದೂ ಇರಲಿಲ್ಲ.

ಸಾಲು ಕೇಳಿ ಒಂದು ನಿಮಿಷವೂ ಆಗಿರಲಿಲ್ಲ. ಕೀಬೋರ್ಡಿನ ಮೇಲೆ ನುಡಿಸಿ ತೋರಿಸಿದೆ. ಚಾಂದಪಾಶಾ ತಲೆಯಾಡಿಸಿ, “ಹಂಗಲ್ಲ ಸರ್, ನಡಕ ಹಿಂಗ ಹೋತು,” ಎಂದು ಬೇರೆ ಹಾಡಿದ. ನಾನು ಇನ್ನೊಂದು ಬಗೆ ನುಡಿಸಿದೆ. ಒಂದೇ ಕೋಣೆಯಲ್ಲಿ, ಒಂದೇ ಸ್ಪೀಕರಿನಿಂದ ಕೇಳಿದ ಎಂಟು ಸ್ವರ ಇಬ್ಬರಲ್ಲಿ ಎರಡಾಗಿತ್ತು. ಗುರುಬಸಮ್ಮ ಬಸ್ಸಿನ ಹೊತ್ತಾಯಿತೆಂದು ಎದ್ದಳು.

ಯಂತ್ರದ ಲೆಕ್ಕದಂತೆ, ಮುಂದಿನ ವಾರವೆಲ್ಲ ನಾನು ಆ ಸಾಲನ್ನು ಕಟ್ಟುತ್ತ ಕುಳಿತೆ. ಅದು ಮೇಲಿನಿಂದ ಇಳಿದು, ‘ಬುತ್ತಿ’ಯ ಹತ್ತಿರ ಒಮ್ಮೆ ತಡೆದು, ‘ಬಿಟ್ಟೇನ’ ಎಂಬಲ್ಲಿ ಕೆಳಗಿನ ಷಡ್ಜಕ್ಕೆ ಬಂದು ಕೂತಿತು ಎಂದು ನನಗೆ ಖಚಿತವಾಗಿತ್ತು. ಹತ್ತೊಂಬತ್ತರಂದು ಅವರು ಬಂದಾಗ ನುಡಿಸಿದೆ. ಚಾಂದಪಾಶಾ ವೈನಿಯ ಮುಖ ನೋಡಿದ. ಆಕೆ ನನ್ನ ಮುಖ ನೋಡಿದಳು.

“ಹೌದು. ಇದಾ,” ಎಂದಳು.

ಉಳಿದ ಸಾಲುಗಳನ್ನು ಚಾಂದಪಾಶಾ ಅದರ ಜಾಡಿನಲ್ಲಿ ಹಾಡುತ್ತ ಹೋದ. ಟ್ರ್ಯಾಕ್ ಮುಗಿಯಿತು. ಮೇ ತಿಂಗಳ ಪುಣ್ಯತಿಥಿಗೆ ನಾನೂ ಹೋಗಿದ್ದೆ. ಮಲ್ಲಣ್ಣನ ಫೋಟೋದ ಮುಂದೆ ಅವರ ಹಾರ್ಮೋನಿಯಂ ಇಟ್ಟು ವಿಭೂತಿ ಹಚ್ಚಿದ್ದರು. ಚಾಂದಪಾಶಾ ಹಾಡಿದ. ಹೆಂಗಸರು ಅತ್ತರು. ಮುಗಿದ ಮೇಲೆ ಊರಿನ ಹಿರಿಯರೊಬ್ಬರು ನನ್ನ ಹೆಗಲು ತಟ್ಟಿ, “ಸತ್ತ ಧಾಟಿ ಎಬ್ಬಿಸಿದ್ರಿ ಮಾಸ್ತರ,” ಎಂದರು. ನನಗೆ ಹೆಮ್ಮೆಯಾಯಿತು. ಇದನ್ನು ಮುಚ್ಚಿಡುವುದಿಲ್ಲ.

ಎರಡು ತಿಂಗಳ ಮೇಲೆ ಗುರುಬಸಮ್ಮ ಸುರಪುರದ ಆಸ್ಪತ್ರೆಗೆ ಬಂದವಳು ಮೆಟ್ಟಿಲು ಹತ್ತಿ ಸ್ಟುಡಿಯೋಕ್ಕೂ ಬಂದಳು. ಒಂದು ಗಂಟು ಹುರಿದ ಶೇಂಗಾ ತಂದಿದ್ದಳು. ನೀರು ಕುಡಿದು ಸುಧಾರಿಸಿಕೊಂಡ ಮೇಲೆ ನಾನೇ ಕೇಳಿದೆ. ಕೇಳದೆ ಇರಲು ಆಗಲಿಲ್ಲ.

“ಖರೇನ ಹೇಳ್ರಿ ಅವ್ವಾರ, ಆ ಧಾಟಿ ಅದಾ ಹೌದಲ್ರಿ?”

ಆಕೆ ಶೇಂಗಾದ ಗಂಟು ಬಿಚ್ಚುತ್ತಿದ್ದಳು. ಬಿಚ್ಚಿ ನನ್ನ ಮುಂದೆ ಸರಿಸಿದಳು.

“ಅಲ್ಲ, ತಮ್ಮಾ. ‘ಬಿಟ್ಟೇನ’ ಅನ್ನೂಮುಂದ ಅವರು ಮ್ಯಾಲೆ ಹೋಗಿ ಅಲ್ಲೇ ನಿಂದರ್ತಿದ್ರು. ಇಳೀತಿದ್ದಿಲ್ಲ. ಕೇಳಾವ್ರಿಗಿ ಉಸಿರ ಸಿಗಬೀಳತಿತ್ತು. ಅವತ್ತ ನಿನ್ನ ಮಷೀನ್ಯಾಗ ಬಂದಾಗ ಮ್ಯಾಲೇ ನಿಂತಿತ್ತು. ನೀ ಕಟ್ಟಿದ್ರಾಗ ಇಳಿಸಿದಿ.”

“ಮತ್ಯಾಕ ಹೌದು ಅಂದ್ರಿ?”

“ನಿನ್ನ ಮಾರಿ ನೋಡಾಕ ಆಗಲಿಲ್ಲ. ಎಂಟ ದಿನ ನಿದ್ದಿಲ್ದಾಂವ ಕುಂತಂಗ ಕುಂತಿದ್ದಿ.”

ತಿದ್ದೋಣ, ಈಗಲೇ ತಿದ್ದಿಬಿಡೋಣ ಎಂದು ಕೀಬೋರ್ಡಿನ ಕಡೆ ತಿರುಗಿದೆ. ಆಕೆ ಕೈ ಅಡ್ಡ ಮಾಡಿದಳು.

“ಬ್ಯಾಡ. ಎಷ್ಟ ಮ್ಯಾಲ, ಎಲ್ಲಿ ನಿಂದ್ರತಾರ, ಅದು ನನಗ ಹಾಡಾಕ ಬರಂಗಿಲ್ಲ. ಇದಾ, ಮತ್ತೊಂದಾ ಅಂತ ಇನ್ನ ಕೇಳಕೋತ ಕುಂಡ್ರೂದು ನನ್ನ ಕಡಿ ಆಗೂದಿಲ್ಲ. ವರ್ಷದ್ದು ಮುಗದು ಹೋತು. ಚಾಂದಣ್ಣಗ ಹೇಳಬ್ಯಾಡ, ಪಾಪ, ಭಾಳ ಖುಷಿ ಆಗ್ಯಾನ.”

ಸಂಖ್ಯಾಶಾಸ್ತ್ರ ಓದಿದವನಾಗಿ ನಾನು ಆಗಲೂ ವಾದ ಹೂಡಿಕೊಂಡೆ, ಆಕೆಯ ಮುಂದಲ್ಲ, ಆಕೆ ಹೋದ ಮೇಲೆ. ದುಃಖದಲ್ಲಿರುವವರ ಕಿವಿ ತನಗೆ ಬೇಕಾದ್ದನ್ನು ಕೇಳುತ್ತದೆ. ಮೇಲೆ ನಿಂತ ಯಾವುದೋ ಸಾಲು ಮಲ್ಲಣ್ಣನದೆಂದು ಆಕೆಗೆ ಅನ್ನಿಸಿರಬಹುದು. ಐವತ್ತೇಳು ಲಕ್ಷದಲ್ಲಿ ಒಂದು ಬಂದಿರಲಾರದು. ಆದರೆ ಇದನ್ನು ಪರೀಕ್ಷಿಸಲು ಬೇಕಾದ ಒಂದೇ ಒಂದು ಸಾಕ್ಷ್ಯ ರೆಕಾರ್ಡು, ಅದನ್ನು ಇಲ್ಲವಾಗಿಸಿದವನು ನಾನು. ನಂಬಿದವನಾಗಿದ್ದರೆ ಆಸೆಯಿಂದಲಾದರೂ ಗುಂಡಿ ಒತ್ತಿರುತ್ತಿದ್ದೆ. ಅಸಂಭವ ಎಂದು ಲೆಕ್ಕ ಹಾಕಿದವನು, ಆ ಲೆಕ್ಕವನ್ನೇ ನೆಚ್ಚಿ ಬಾಗಿಲು ಹಾಕಿಕೊಂಡೆ.

2024ರ ಡಿಸೆಂಬರಿನಲ್ಲಿ ಗುರುಬಸಮ್ಮ ತೀರಿಕೊಂಡಳು. ಚಾಂದಪಾಶಾ ಫೋನು ಮಾಡಿದ. ನಾನು ಮುಟ್ಟುವ ಹೊತ್ತಿಗೆ ಮಧ್ಯಾಹ್ನ. ಪಡಸಾಲೆಯಲ್ಲಿ ಆಕೆಯನ್ನು ಕೂಡಿಸಿ ಹೂವು ಮುಡಿಸಿದ್ದರು. ಎತ್ತುವ ಮುಂಚೆ ಚಾಂದಪಾಶಾ ತಬಲಾ ಬಿಟ್ಟು ಹಾರ್ಮೋನಿಯಂ ಮುಂದೆ ಕುಳಿತ. ಎರಡೂವರೆ ವರ್ಷದಲ್ಲಿ ಅವನು ಆ ಪದವನ್ನು ಸುತ್ತಲಿನ ಊರುಗಳಲ್ಲೆಲ್ಲ ಹಾಡಿದ್ದ. ‘ಮಲ್ಲಣ್ಣನ ಧಾಟಿ’ ಎಂದೇ ಜನ ಕರೆಯುತ್ತಿದ್ದರು. ನನ್ನನ್ನು ಬಿಟ್ಟರೆ ಅದು ಮಲ್ಲಣ್ಣನದಲ್ಲ ಎಂದು ಗೊತ್ತಿದ್ದವಳು ಗುರುಬಸಮ್ಮ ಒಬ್ಬಳೇ, ಆಕೆಯ ಮುಂದೆಯೇ ಈಗ ಅದನ್ನು ಹಾಡುತ್ತಿದ್ದರು.

‘ಕಟ್ಟಿದ ಬುತ್ತಿ’ ಎಂದು ಚಾಂದಪಾಶಾ ಎತ್ತಿದ. ನಾನು ಗೋಡೆಗೆ ಆತು ನಿಂತಿದ್ದೆ. ‘ಬಿಟ್ಟೇನ’ ಬರುವಾಗ ನನ್ನ ಬಾಯಿ ತೆರೆಯಿತು. ಹಾಡಲು ಬಾರದ ಧ್ವನಿಯಲ್ಲಿ, ಮೇಲೆ, ಎಲ್ಲಿ ನಿಲ್ಲಬೇಕೆಂದು ಗೊತ್ತಿಲ್ಲದಿದ್ದರೂ ಮೇಲೆಯೇ ಹೋಗಿ ಹಿಡಿದು ನಿಂತೆ. ಮುಂದೆ ಕುಳಿತವರಲ್ಲಿ ಇಬ್ಬರು ತಿರುಗಿ ನೋಡಿದರು. ಚಾಂದಪಾಶಾನ ದನಿ ಎಂದಿನಂತೆ ಕೆಳಗಿಳಿದು ಕೂತಿತು.

ಸ್ಟುಡಿಯೋ ಮುಚ್ಚಿದ್ದೇನೆ, ಅಲ್ಲಿ ಈಗ ಗೊಬ್ಬರದ ಚೀಲಗಳಿವೆ. ಆ ಕೋಣೆ ನನಗೆ ಕಲಿಸಿದ್ದು ಇಷ್ಟು: ಬರಲಾರದು ಎಂದುಕೊಂಡದ್ದಕ್ಕಾಗಿಯೇ ಮೊದಲು ರೆಕಾರ್ಡ್ ಒತ್ತಿಡಬೇಕು, ಬರುವುದು ಖಂಡಿತ ಎಂದುಕೊಂಡದ್ದು ಹೇಗೂ ಮತ್ತೆ ಬರುತ್ತದೆ.

ಹೋದ ತಿಂಗಳು ಶಹಾಪುರದ ಬಸ್ ಸ್ಟ್ಯಾಂಡಿನಲ್ಲಿ ಚಾಂದಪಾಶಾ ಸಿಕ್ಕಿದ್ದ. ಗುರುಬಸಮ್ಮನ ಮಣ್ಣಿನ ದಿನ ನಾನು ಪದದ ನಡುವೆ ಬಾಯಿ ಹಾಕಿದ್ದಕ್ಕೆ ತಪ್ಪು ತಿಳಿಯಬೇಡಿ ಎಂದೆ. ಅವನು ನನ್ನನ್ನು ವಿಚಿತ್ರವಾಗಿ ನೋಡಿದ.

“ನೀವು ಹಾಡಿಲ್ರೀ ಸರ್,” ಎಂದ. “ಗೋಡಿ ಹಿಡಕೊಂಡು ಸುಮ್ಮ ನಿಂತಿದ್ರಿ.”