ಭಾನುವಾರದ ವೈಕಿಂಗರು

ಮಲೇಷ್ಯಾದ ಸುಬಾಂಗ್ ಜಯಾದ ಕಾಲೇಜೊಂದರಲ್ಲಿ ನಾನು ಇತಿಹಾಸದ ಮೇಷ್ಟ್ರು. ಪಕ್ಕದೂರು ಪುಚೊಂಗಿನ ಕಾಂಡೋ ಒಂದರಲ್ಲಿ, ಅಂದರೆ ಗೇಟು-ಗಾರ್ಡು ಇರುವ ಅಪಾರ್ಟ್‌ಮೆಂಟಿನಲ್ಲಿ, ನಮ್ಮ ಕನ್ನಡದವರು ಸೇರುವ ದಿನ ನಾಟಕ ಆಡಿಸುತ್ತೇನೆಂದು ಒಪ್ಪಿಕೊಂಡುಬಿಟ್ಟಿದ್ದೆ. ಹಡಗಿನಲ್ಲಿ ಬಂದ ವೈಕಿಂಗರು, ಹಳೇ ಫ್ರಾನ್ಸಿನ ಫ್ರಾಂಕರ ಮಠವೊಂದನ್ನು ಲೂಟಿ ಮಾಡುವ ಕಥೆ. ಮಠದ ಸನ್ಯಾಸಿಗಳೆಲ್ಲ ಕಾಂಡೋದವರೇ. ಒಳಗೆ ಈಜುಕೊಳದ ಪಕ್ಕ ಕಾಯುತ್ತಿದ್ದರು. ನಾನು ಎಂಟು ವಿದ್ಯಾರ್ಥಿಗಳಿಗೆ ರಟ್ಟಿನ ಕೊಡಲಿ ಕೊಟ್ಟು, ರಟ್ಟಿನ ಹಡಗು ಹೊರಿಸಿಕೊಂಡು ಗೇಟಿಗೆ ಹೋದೆ.

ನೇಪಾಳದ ಗಾರ್ಡ್ ರಿಜಿಸ್ಟರ್ ತೆರೆದ. “ಯಾವ ಕೆಲಸ, ಬಾಸ್?”

“ದಾಳಿ,” ಅಂದೆ, ನಗಲಿ ಅಂತ.

ಅವನು ನಗಲಿಲ್ಲ. “ಅದು ಇದರಲ್ಲಿಲ್ಲ. ವಿಸಿಟರ್, ಡೆಲಿವರಿ, ರಿಪೇರಿ, ಇಷ್ಟೇ.” ಕೊಡಲಿಗಳನ್ನು ನೋಡಿ ತಾನೇ ರಿಪೇರಿ ಅಂತ ಬರೆದುಕೊಂಡ. ಬರೆದವನು ಪೆನ್ನು ಕೆಳಗಿಟ್ಟ. “ಭಾನುವಾರ ಒಡೆಯೋ ಕೆಲಸ ಇಲ್ಲ ಲಾ,” ಅಂದ, ಇಲ್ಲಿಯವರ ಹಾಗೆ ಮಾತಿನ ಕೊನೆಗೊಂದು ‘ಲಾ’ ಸೇರಿಸಿ. “ನಾಳೆ ಬನ್ನಿ.”

“ಅಯ್ಯೋ, ಇದು ರಟ್ಟು ಮಾರಾಯ!”

“ರಟ್ಟಾದ್ರೂ ರೂಲ್ ರೂಲೇ.”

ಅಷ್ಟರಲ್ಲಿ ಒಳಗಿನಿಂದ ಮಠಾಧಿಪತಿಯ ಫೋನು. “ಸರ್, ಬೇಗ ಬಂದು ಲೂಟಿ ಮಾಡಿ. ಬಿಸಿಬೇಳೆಬಾತ್ ಆರಿಹೋಗ್ತಿದೆ.”

ನಾವು ಹಡಗು ತಿರುಗಿಸಿದೆವು.

ವೈಕಿಂಗರು ಮೊದಮೊದಲು ಬಂದಾಗ ಸೀನ್ ನದಿ ಸಮುದ್ರ ಸೇರುವಲ್ಲೇ ಫ್ರಾಂಕರ ಕಾವಲುಗಾರರು ಅವರನ್ನು ಹಿಂದಕ್ಕಟ್ಟಿದರು ಎಂದು ಪ್ರತಿ ವರ್ಷ ಪಾಠ ಮಾಡುತ್ತೇನೆ. ಹೇಗೆ ಅಂತ ಯಾರಾದರೂ ಕೇಳಿದರೆ ನನಗೆ ಉತ್ತರ ಗೊತ್ತಿರಲಿಲ್ಲ. ಅವರು ಬಂದ ದಿನವೂ ಭಾನುವಾರವಿದ್ದಿರಬೇಕು.