ಪರದೆ ಸರಿಸಿದರೆ ಏಳುವ ಮಗು

ಮಗುವಿಗೆ ಮಾತು ಕಿವಿಯಿಂದ ಬರುತ್ತದೆ. ಕಿವಿ ಕೇಳದಿದ್ದರೆ ಕೈಸನ್ನೆಯಿಂದಲಾದರೂ ಬರಬೇಕು. ಎರಡೂ ಇಲ್ಲದೆ ಕಳೆದ ಮೊದಲ ವರ್ಷಗಳು ಕಳೆದೇ ಹೋದವು. ಇಷ್ಟು ತಿಳಿಯಲು ಡಾಕ್ಟರಾಗಬೇಕಿಲ್ಲ. ಡ್ಯಾನ್ಯೂಬ್ ನದಿಯ ದಂಡೆಯ ನಮ್ಮ ಊರಿನಲ್ಲಿ ಇದನ್ನು ಎಲ್ಲರಿಗಿಂತ ಮೊದಲು ಕಂಡುಕೊಂಡವರು ಏಳನೆಯ ತರಗತಿಗೆ ಶಾಲೆ ಬಿಟ್ಟ ಒಬ್ಬ ಆಯಾ.

ದೊಬ್ರಿಂಕಾ ನಮ್ಮ ಶಿಶುವಿಹಾರದಲ್ಲಿ ಇಪ್ಪತ್ತಾರು ವರ್ಷ ನೆಲ ಒರೆಸಿದರು, ಮೂಗು ಒರೆಸಿದರು, ಬೇಳೆ ಸೂಪ್ ಬಡಿಸಿದರು. ಮಧ್ಯಾಹ್ನ ಮಲಗಿದ ಮಕ್ಕಳನ್ನು ಮೂರು ಗಂಟೆಗೆ ಎಬ್ಬಿಸುವುದೂ ಅವರ ಕೆಲಸ. ಅದಕ್ಕೊಂದು ಕ್ರಮವಿತ್ತು. ಮೊದಲು ಬಾಗಿಲಲ್ಲಿ ನಿಂತು ಕೂಗು: "ಏಳ್ರೋ ಗುಬ್ಬಚ್ಚಿಗಳಾ, ಮೊಸರು ಬಂತು!" ಆಮೇಲೆ ಕಿಟಕಿಯ ದಪ್ಪ ಪರದೆ ಸರಿಸುವುದು. ಕೂಗಿಗೇ ಎಲ್ಲರೂ ಎದ್ದು ಚಪ್ಪಲಿಗೆ ಜಗಳ ಶುರು ಮಾಡಿರುತ್ತಿದ್ದರು. ಕಿಟಕಿಯ ಪಕ್ಕದ ಮಂಚದ ರಾಲಿತ್ಸಾ ಮಾತ್ರ ಪರದೆ ಸರಿದ ಮೇಲೆ ಏಳುತ್ತಿದ್ದಳು. ಅವಳಿಗೆ ಆಗ ಎರಡು ವರ್ಷ ನಾಲ್ಕು ತಿಂಗಳು.

"ಬಂಗಾರದಂಥ ಮಗು," ಎನ್ನುತ್ತಿದ್ದರು ಟೀಚರು. "ಅಳಲ್ಲ, ಕಿರುಚಲ್ಲ. ಎಲ್ಲಾ ಮಕ್ಕಳೂ ಹೀಗೇ ಇದ್ದಿದ್ರೆ!"

ಒಂದು ದಿನ ದೊಬ್ರಿಂಕಾ ಬೇಕೆಂದೇ ಪರದೆ ಮುಟ್ಟಲಿಲ್ಲ. ಇಪ್ಪತ್ತೊಂದು ಮಕ್ಕಳು ಎದ್ದು ಕುಣಿದರು, ಒಬ್ಬ ಇನ್ನೊಬ್ಬನ ಕೂದಲು ಹಿಡಿದು ಅರಚಿಸಿದ. ರಾಲಿತ್ಸಾ ನಿದ್ದೆಯಲ್ಲೇ ಇದ್ದಳು. ಪರದೆಯನ್ನು ಒಂದು ಗೇಣು ಸರಿಸಿದರು. ಬೆಳಕು ಮುಖಕ್ಕೆ ಬಿತ್ತು. ಮಗು ಕಣ್ಣು ಬಿಟ್ಟು ನಕ್ಕಿತು.

ದೊಬ್ರಿಂಕಾ ಬಗ್ಗಿ ಅವಳಿಗೆ ಚಪ್ಪಲಿ ತೊಡಿಸಿದರು. ಮರುದಿನ ಮುಖ್ಯಸ್ಥೆ ಕಾರಾಜೋವಾ ಅವರ ಕೋಣೆಗೆ ಹೋದರು.

"ಮೇಡಂ, ಆ ಮಗೂಗೆ ಕಿವಿ ಕೇಳಲ್ಲ."

"ನಿನಗ್ಯಾರು ಹೇಳಿದ್ರು?"

"ಪರದೆ ಹೇಳ್ತು."

"ದೊಬ್ರಿಂಕಾ, ನಿನ್ನ ಕೈಗೆ ನಾನು ಬಕೆಟ್ ಕೊಟ್ಟಿದ್ದೀನಿ, ಸ್ಟೆತಸ್ಕೋಪ್ ಕೊಟ್ಟಿಲ್ಲ."

ಆ ಕೋಣೆಯ ಎದುರಿಗೇ ಇನ್ನೊಂದು ಬಾಗಿಲಿದೆ. ಮೇಲೆ 'ಎಳೆಯ ಮಕ್ಕಳ ನೆರವಿನ ಕೋಣೆ' ಎಂಬ ಬೋರ್ಡು. ಗೇಟಿನಲ್ಲಿ 'ಎಲ್ಲ ಮಕ್ಕಳೂ ಒಟ್ಟಿಗೆ' ಎಂಬ ಹೊಳೆಯುವ ಫಲಕ. ರಾಜಧಾನಿ ಸೋಫಿಯಾದಿಂದ ಬಂದ ಅಧಿಕಾರಿ ಆ ಕೋಣೆಯನ್ನು ಉದ್ಘಾಟಿಸಿದ ದಿನ ಚೀಸ್ ತುಂಬಿದ ಬಾನಿತ್ಸಾ ತಿಂದು ಚಪ್ಪಾಳೆ ತಟ್ಟಿದವರಲ್ಲಿ ನಾನೂ ಒಬ್ಬ. ಕೋಣೆಯೊಳಗೆ ಇದ್ದದ್ದು ಪ್ಲಾಸ್ಟಿಕ್ ಕ್ರಿಸ್‌ಮಸ್ ಮರ ಮತ್ತು ಕಾಲು ಮುರಿದ ಮಂಚಗಳು. ಮಾತು ಕಲಿಸುವ ಶಿಕ್ಷಕಿಯ ಹುದ್ದೆ ಮೂರು ವರ್ಷದಿಂದ ಖಾಲಿ. ಒಟ್ಟಿಗೆ ಕೂರಿಸುವುದೇನೋ ಆಗಿತ್ತು. ಕೂರಿಸಿದ ಮಗುವನ್ನು ನೋಡುವವರು ಯಾರೂ ಇರಲಿಲ್ಲ.

ಸಂಜೆ ದೊಬ್ರಿಂಕಾ ರಾಲಿತ್ಸಾಳ ತಾಯಿ ಇವೆಲಿನಾಳನ್ನು ಗೇಟಿನಲ್ಲಿ ನಿಲ್ಲಿಸಿದರು. ಅವಳು ಬಟ್ಟೆ ಕಾರ್ಖಾನೆಯ ಪಾಳಿ ಮುಗಿಸಿ ಬಂದಿದ್ದಳು, ತೋಳಿಗೆಲ್ಲ ದಾರದ ಚೂರು.

"ನಮ್ಮ ಕಡೆ ಯಾರೂ ಕಿವುಡ್ರಿಲ್ಲ, ದೊಬ್ರಿಂಕಕ್ಕ. ಇವಳಪ್ಪ ನಾಲ್ಕು ವರ್ಷಕ್ಕೆ ಬಾಯಿ ಬಿಟ್ಟಿದ್ದು. ಈಗ ಮುಚ್ಚು ಅಂದ್ರೂ ಮುಚ್ಚಲ್ಲ."

"ಹುಟ್ಟಿದಾಗ ಆಸ್ಪತ್ರೇಲಿ ಕಿವಿ ನೋಡಿದ್ರಾ?"

"ಯಂತ್ರ ರಿಪೇರಿಗೆ ಹೋಗಿದೆ ಅಂದಿದ್ರು," ಎಂದಳು ಇವೆಲಿನಾ. ಆಮೇಲೆ ಮಗುವನ್ನು ಡಾಕ್ಟರಿಗೆ ತೋರಿಸಲು ಒಪ್ಪಿದಳು.

ಜಿಲ್ಲಾ ಕೇಂದ್ರದ ವೈದ್ಯರ ಮಂಡಳಿಯ ಮುಂದೆ ಮಗುವನ್ನು ಕರೆದೊಯ್ಯಲು ಐದು ತಿಂಗಳ ನಂತರದ ದಿನಾಂಕ ಸಿಕ್ಕಿತು. ದೊಬ್ರಿಂಕಾ ರಜೆ ಹಾಕಿ ಜೊತೆಗೆ ಹೋದರು. ಡಾಕ್ಟರು ಮಗುವಿನ ಎದುರು ಬಗ್ಗಿ, ನಗುತ್ತಾ ಕೇಳಿದರು: "ಕೇಳಿಸುತ್ತೇನಮ್ಮಾ, ಪುಟ್ಟಿ?" ಕೇಳುತ್ತಾ ತಾವೇ ತಲೆಯನ್ನು ಅತ್ತಿತ್ತ ಆಡಿಸಿದರು, ನಮ್ಮ ದೇಶದಲ್ಲಿ ಹೌದು ಎನ್ನುವಾಗ ನಾವೆಲ್ಲ ಆಡಿಸುವ ಹಾಗೆ. ರಾಲಿತ್ಸಾ ಅವರ ಮುಖ ನೋಡಿ ತಾನೂ ಆಡಿಸಿದಳು.

"ನೋಡಿ, ಎಷ್ಟು ಚೆನ್ನಾಗಿ ಕೇಳಿಸುತ್ತೆ!"

"ಡಾಕ್ಟ್ರೇ, ನೀವು ಆಡಿಸಿದ್ರಿ, ಅವಳೂ ಆಡಿಸಿದ್ಲು. ಹಿಂದೆ ಬಂದು ಕರೀರಿ," ಎಂದರು ದೊಬ್ರಿಂಕಾ.

"ನೀವ್ಯಾರಮ್ಮ, ಅಜ್ಜಿನಾ?"

"ಅಲ್ಲ. ಆಯಾ."

"ಓ! ಹಾಗಾದ್ರೆ ಸೀಲ್ ನೀವೇ ಒತ್ತಿಬಿಡಿ, ನಾನು ನೆಲ ಒರೆಸ್ತೀನಿ."

ಕೋಣೆಯಲ್ಲಿದ್ದವರೆಲ್ಲ ನಕ್ಕರು. ಅವರು ನಗುವುದನ್ನು ನೋಡಿ ರಾಲಿತ್ಸಾ ಕೂಡ ನಕ್ಕಳು. ಚೀಟಿಯಲ್ಲಿ ಬರೆದರು: ಮನೆಯಲ್ಲಿ ಹೆಚ್ಚು ಮಾತನಾಡಿಸಿ. ವರ್ಷದ ನಂತರ ಬನ್ನಿ.

ಕೇಳಿಸದ ಮಗುವನ್ನು ಮಾತನಾಡಿಸಿ ಎಂದು ಸೀಲು ಒತ್ತಿ ಕಳಿಸಿದರು! ಆ ಚೀಟಿಯನ್ನು ನಾನು ಕಣ್ಣಾರೆ ನೋಡಿದ್ದೇನೆ. ಇವೆಲಿನಾ ಅದನ್ನು ನಂಬಿದಳು. ತಪ್ಪೇನು? ದಿನಕ್ಕೆ ಒಂಬತ್ತು ಗಂಟೆ ಅಂಗಿಗೆ ಕಾಲರ್ ಹೊಲಿಯುವವಳು ಬಿಳಿ ಕೋಟನ್ನು ನಂಬದೆ ಪರದೆಯನ್ನು ನಂಬಬೇಕಿತ್ತೇ?

'ಪೋಷಕರನ್ನು ಹೆದರಿಸಿದ್ದಕ್ಕೆ' ದೊಬ್ರಿಂಕಾರನ್ನು ಕೆಳಗಿನ ಬಟ್ಟೆ ಒಗೆಯುವ ಕೋಣೆಗೆ ಹಾಕಿದರು. ಮೂರು ಗಂಟೆಗೆ ಪರದೆ ಸರಿಸಲು ಬೇರೆಯವರು ಬಂದರು. ಮಗು ಚಿತ್ರ ಬರೆಯಿತು, ಬೇರೆ ಮಕ್ಕಳು ಓಡಿದಾಗ ಓಡಿತು, ಅವರು ಸಾಲಾಗಿ ನಿಂತಾಗ ನಿಂತಿತು. ಶಿಶುವಿಹಾರದ ವರದಿಯಲ್ಲಿ 'ಚೆನ್ನಾಗಿ ಹೊಂದಿಕೊಂಡಿದೆ' ಎಂದು ಸೇರಿತು.

ಐದು ತುಂಬಿದ ಮೇಲೆ ಶಾಲೆಗೆ ಸೇರಿಸುವ ಪರೀಕ್ಷೆ ಬಂತು. ಅಷ್ಟು ಹೊತ್ತಿಗೆ ಮಾತು ಕಲಿಸುವ ಆ ಖಾಲಿ ಹುದ್ದೆಗೆ ಒಬ್ಬಳು ಹೊಸ ಹುಡುಗಿ ನೇಮಕವಾಗಿದ್ದಳು. ಅವಳು ಮಗುವಿನ ಹಿಂದೆ ನಿಂತು ಡೋಲು ಬಡಿದಳು. ಮಗು ತಿರುಗಲಿಲ್ಲ. ಮೂರು ನಿಮಿಷದ ಕೆಲಸ. ಆಮೇಲೆ ಯಂತ್ರವಿಟ್ಟು ನೋಡಿದರು, ಎರಡೂ ಕಿವಿಗೆ ಕೇಳಿಸುವ ಉಪಕರಣ ಹಾಕಿದರು.

ಇವೆಲಿನಾ ಮಗುವನ್ನು ಕರೆದುಕೊಂಡು ಬಟ್ಟೆ ಕೋಣೆಗೆ ಇಳಿದಳು. ದೊಬ್ರಿಂಕಾ ಮಗುವಿನ ಬೆನ್ನ ಹಿಂದಿನಿಂದ ಕರೆದರು: "ರಾಲಿತ್ಸಾ!"

ಮಗು ತಿರುಗಿತು. ಬೆದರಿದ ಕಣ್ಣಿನಿಂದ ಗೋಡೆ ನೋಡಿತು, ಒಗೆಯುವ ಯಂತ್ರ ನೋಡಿತು. ಶಬ್ದ ಕೇಳಿತ್ತು. ಅದು ತನ್ನ ಹೆಸರು ಎಂದು ಗೊತ್ತಿರಲಿಲ್ಲ.

"ನೀವು ಆವತ್ತೇ ಹೇಳಿದ್ರಿ," ಎಂದಳು ಇವೆಲಿನಾ.

"ಹೇಳಿದೆ. ಮೇಜು ಗುದ್ದಿ ಹೇಳ್ಲಿಲ್ಲ."

"ಈಗ ಕಲೀತಾಳಾ, ಅಕ್ಕ?"

"ಕಲೀತಾಳೆ. ಜಾಣೆ, ಕಷ್ಟಪಟ್ಟು ಕಲೀತಾಳೆ. ಆ ಮೂರು ವರ್ಷ ಮಾತ್ರ ಯಾರೂ ವಾಪಸ್ ಕೊಡಲ್ಲ ಕಣೇ."

ಕಳೆದ ವಸಂತದಲ್ಲಿ ದೊಬ್ರಿಂಕಾ ನಿವೃತ್ತರಾದರು. ಬೀಳ್ಕೊಡುಗೆಗೆ ಒಂದು ಹೂಗುಚ್ಛ, ಒಂದು ಹೂಜಿ. ಕಾರಾಜೋವಾ ಭಾಷಣದಲ್ಲಿ ಅವರನ್ನು 'ನಮ್ಮ ಸಂಸ್ಥೆಯ ಕಣ್ಣು' ಎಂದು ಹೊಗಳಿದರು. ಗೇಟಿನ ಫಲಕವನ್ನು ಈಗಲೂ ವಾರಕ್ಕೊಮ್ಮೆ ಒರೆಸಿ ಹೊಳೆಸುತ್ತಾರೆ.

ಅಯ್ಯೋ ಪಾಪ ಎನ್ನಬೇಡಿ, ನನಗೆ ಅದು ಬೇಡ. ನಿಮ್ಮ ಮನೆಯಲ್ಲಿ, ಪಕ್ಕದ ಮನೆಯಲ್ಲಿ, ಗಲಾಟೆಯೇ ಮಾಡದ ಬಂಗಾರದಂಥ ಮಗುವಿದೆಯೇ? ಇವತ್ತೇ ಅದರ ಬೆನ್ನ ಹಿಂದೆ ನಿಂತು ಹೆಸರು ಹಿಡಿದು ಕರೆಯಿರಿ. ತಿರುಗದಿದ್ದರೆ, ಯಂತ್ರವಿಟ್ಟು ನೋಡುವವರೆಗೆ ಆಸ್ಪತ್ರೆಯ ಬಾಗಿಲು ಬಿಟ್ಟು ಕದಲಬೇಡಿ. ಮೇಜು ಗುದ್ದಿ.