ಠೇವಣಿ ಬಿಡಿಸಿಕೊಂಡು ಬಂದ ದಿನ

ಇದನ್ನು ಹೇಳುವುದನ್ನು ಎಷ್ಟೋ ವರ್ಷಗಳಿಂದ ಮುಂದೂಡುತ್ತ ಬಂದಿದ್ದೇನೆ. ಈ ಮಾತೂ ಪೂರ್ತಿ ನಿಜವಲ್ಲ; ಬೇಕಾದಷ್ಟು ಸಲ ಹೇಳಿದ್ದೇನೆ, ಆದರೆ ನಗೆಚಾಟಿಕೆಯಾಗಿ. ಮೊನ್ನೆ ಮೊಮ್ಮಗಳು ಫೋನಿನ ಮೇಲೆ ಬೆರಳಾಡಿಸಿ, ಕುಳಿತಲ್ಲಿಂದಲೇ ನಮ್ಮ ಗ್ಯಾಸ್ ಏಜೆನ್ಸಿಯನ್ನು ಬದಲಿಸಿದಳು. ಯಾರೂ ಅವಳನ್ನು ಏನೂ ಕೇಳಲಿಲ್ಲ. ಸಂತೋಷಪಡಬೇಕಾದ ನಾನು ಚಹವನ್ನು ಅರ್ಧಕ್ಕೇ ಬಿಟ್ಟು ಎದ್ದೆ.

ಮಳೆ ಕೈಕೊಟ್ಟ ವರ್ಷಗಳವು. ನಾನು ಬೀದರಿನ ಗಾಂಧಿ ಗಂಜಿನಲ್ಲಿ ಧಾನ್ಯ ದಲ್ಲಾಳಿಯ ಅಡತಿ ಅಂಗಡಿಯೊಂದರಲ್ಲಿ ಗುಮಾಸ್ತ. ತೊಗರಿಯೇ ಬಾರದ ಗಂಜಿನಲ್ಲಿ ಗುಮಾಸ್ತನೆಂದರೆ ನೊಣ ಹೊಡೆಯಲು ಸಂಬಳ ಪಡೆಯುವ ವಿದ್ಯಾವಂತ. ಪಕ್ಕದ ಮನೆಯ ಮಾಣಿಕರಾವ ಮತ್ತು ಅವನ ಹೆಂಡತಿ ಪಾರೂಬಾಯಿ, ಡಾಬಕಾ ಕಡೆಯವರು, ಲಾರಿಯವರಿಗಾಗಿ ಖಾನಾವಳಿ ಇಟ್ಟಿದ್ದರು. ಲಾರಿಗಳು ನಿಂತವು, ಅವರು ಪುಣೆಗೆ ಹೊರಟರು. ಹೋಗುವಾಗ ಪಾರೂಬಾಯಿ ತನ್ನ ಹೆಸರಿನಲ್ಲಿದ್ದ ಸಿಲಿಂಡರನ್ನು ನಮ್ಮ ಅಡುಗೆಮನೆಯಲ್ಲಿಟ್ಟು ನನ್ನಾಕೆಗೆ, "ವೈನಿ, ನಾವು ಬರೂತನಕ ನೀವ ಉರಸ್ರಿ. ಹೊಗಿಯಿಂದ ಕಣ್ಣಿಗೆ ಒಂದೀಟು ಸೂಟಿ ಕೊಡ್ರಿ" ಎಂದಳು.

ಮರುವರ್ಷ ಊರಿನಲ್ಲಿ ಹೊಸ ಏಜೆನ್ಸಿ ತೆರೆದು ನಮ್ಮ ಹೆಸರಿಗೇ ಸಂಪರ್ಕ ಸಿಕ್ಕಿತು. ಅಷ್ಟರಲ್ಲಿ ಪುಣೆಯಿಂದ ಸುದ್ದಿ: ಮಾಣಿಕರಾವ ಕಾಲು ಮುರಿದುಕೊಂಡಿದ್ದಾನೆ, ಸಿಲಿಂಡರು ಮರಳಿಸಿ, ಅದಕ್ಕೆ ಕಟ್ಟಿದ್ದ ಠೇವಣಿ ಕಳಿಸಿ. ಹಳೆಯ ಏಜೆನ್ಸಿಯವರೋ, ಯಾರ ಹೆಸರಿನಲ್ಲಿದೆಯೋ ಅವರೇ ಬರಬೇಕೆಂದರು. ಮೆಟ್ರಿಕ್ ಪಾಸಾದ ನನ್ನ ಬುದ್ಧಿಗೆ ಹೊಳೆದ ಉಪಾಯ ಒಂದೇ: ನನ್ನಾಕೆ ಅರ್ಧ ಗಂಟೆ ಪಾರೂಬಾಯಿ ಆಗುವುದು.

ನಮ್ಮ ಕಡೆ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ಮದುವೆಮನೆಯಲ್ಲಿ ಬಹಳ ಕಾಡಿದರೆ ಒಡಪು ಕಟ್ಟಿ, ಪ್ರಾಸದ ನಡುವೆ ಹೆಸರನ್ನು ನಾಚುತ್ತ ಇಡುತ್ತಾರೆ. ಠಾಣಾ ಕುಶನೂರಿನಿಂದ ಬಂದ ನನ್ನಾಕೆ ಅದರಲ್ಲಿ ಗಟ್ಟಿಗಿತ್ತಿ. ಅವಳ ಒಡಪಿನಲ್ಲಿ ನನ್ನ ಸಾಧಾರಣ ಹೆಸರು ತೊಗರಿಯ ಹಳದಿ ಹೂವುಗಳ ನಡುವೆ ಕುಳಿತು, ಯಾವನೋ ಜಹಗೀರದಾರನ ಹೆಸರಿನಂತೆ ಕೇಳಿಸುತ್ತಿತ್ತು.

"ಅಲ್ರೀ, ಬ್ಯಾರೇದವರ ಹೆಸರು ನನ್ನ ಗಂಡಂದಂತ ಹ್ಯಾಂಗ ಹೇಳ್ಲಿ?" ಎಂದಳು.

"ಹೇಳಿದ್ರ ನಾಲಿಗಿ ಸವಿತದೇನು? ಅಲ್ಲಿ ಆ ಮನಿಷಾ ಕಾಲು ಮುರ್ಕೊಂಡು ಬಿದ್ದಾನ" ಎಂದೆ. ಅವಳು ಸೆರಗು ಸರಿಪಡಿಸಿಕೊಂಡು ಹೊರಟಳು.

ಏಜೆನ್ಸಿಯ ಮುದಿ ಕಾರಕೂನ ಎಲೆಯಡಿಕೆ ಮೆಲ್ಲುತ್ತ, "ಗಂಡನ ಹೆಸರೇನ್ರಿ ಬಾಯಿ?" ಎಂದ.

"ಮಾಣಿಕರಾವ."

ಆತ ಕನ್ನಡಕದ ಮೇಲಿಂದ ನೋಡಿದ. "ಭಲೇ! ಪಟ್ಟನ ಹೇಳಿದ್ರಿ. ನಮ್ಮ ಮನ್ಯಾಗ ಮುದುಕಿ ಇನ್ನಾ ನನ್ನ ಹೆಸರು ಹೊರಗ ತೆಗದಿಲ್ಲ. ಅಂದಂಗ, ಇವರ್ಯಾರು?"

ಸಿಕ್ಕಿಬಿದ್ದೆವೆಂದು ಹೆದರಿದ ನಾನೇ ಅವಸರದಿಂದ ಉತ್ತರಿಸಿದೆ: "ನಾ ಇಕಿಗೆ ಅಣ್ಣ ಆಗಬೇಕ್ರಿ."

ಠೇವಣಿ ಸಿಕ್ಕಿತು, ಪುಣೆಗೂ ತಲುಪಿತು, ಕಾಲೂ ಕೂಡಿತು. ನಾನು ಮಾತ್ರ ಆ ಸಾಹಸಕ್ಕೆ ಉಪ್ಪುಕಾರ ಹಚ್ಚಿ, ಭಾಲ್ಕಿಯಲ್ಲಿ ನನ್ನ ಅಣ್ಣನ ಮಗನ ಮದುವೆಯಲ್ಲಿ ಎಲ್ಲರೆದುರು ಬಡಿಸಿದೆ. ಹಂದರವೇ ನಕ್ಕಿತು. "ವೈನಿ, ನಿಮ್ಮಣ್ಣನ ಹೆಸರಿಗೆ ಒಡಪು ಹೇಳ್ತೀರೋ, ಗಂಡನ ಹೆಸರಿಗೋ?" ಎಂದು ಯಾರೋ ಕೆಣಕಿದರು. ನಾನೂ ನಕ್ಕೆ. ಅವಳು, "ನನಗ ಬರೂದಿಲ್ಲರೀ" ಎಂದು ಒಳಗೆ ಹೋದಳು.

ಬೀದರಿಗೆ ಮರಳುವ ಬಸ್ಸಿನಲ್ಲಿ, ಬೋಳು ಹೊಲಗಳನ್ನು ನೋಡುತ್ತ ಕೇಳಿದಳು: "ಆ ಮನಿಷಾಗ ರೊಕ್ಕ ಮುಟ್ಟಲಿ ಅಂತ ನಾ ಸುಳ್ಳು ಹೇಳಿದೆ. ನೀವು ಮಂದಿ ನಗಲಿ ಅಂತ ಯಾಕ ಹೇಳಿದ್ರಿ?"

ನಾನು ನಿದ್ದೆ ಬಂದವನಂತೆ ಕಣ್ಣು ಮುಚ್ಚಿದೆ. ಅಂದಿನಿಂದ ಅವಳ ಬಾಯಲ್ಲಿ ಒಡಪು ಬಂದದ್ದನ್ನು ನಾನು ಕೇಳಿಲ್ಲ. ಮಕ್ಕಳ ಮದುವೆಗಳಲ್ಲೂ ಕೇಳಲಿಲ್ಲ. ನನ್ನ ಕಥೆ ಮಾತ್ರ ಇನ್ನೂ ಹಲವು ಹಂದರಗಳನ್ನು ನಗಿಸಿತು.

ಓದುಗರೇ, ಗಂಡಸರೂ ನಮ್ಮಲ್ಲಿ ಹೆಂಡತಿಯ ಹೆಸರು ಹಿಡಿಯುವುದಿಲ್ಲ. "ಏ, ಕೇಳ್ತೇನು" ಎಂದೇ ನನ್ನ ಸಂಸಾರ ಸಾಗಿದೆ. ಈಗ ಅವಳು ಅಂಗಳದಲ್ಲಿ ಕುಳಿತು ಜೋಳ ಹಸನು ಮಾಡುತ್ತಿದ್ದಾಳೆ. ಇಲ್ಲಿಂದ ನಾಲ್ಕು ಹೆಜ್ಜೆ. ತಪ್ಪಾಯಿತೆಂದು ಎದುರು ನಿಂತು ಹೇಳುವ ಧೈರ್ಯ ಇನ್ನೂ ಬಂದಿಲ್ಲ. ಅವಳ ಮುಂದಲ್ಲದಿದ್ದರೂ ನಿಮ್ಮ ಮುಂದಾದರೂ, ನಗಿಸಲಿಕ್ಕಲ್ಲದೆ, ಒಮ್ಮೆ ಹೇಳುತ್ತೇನೆ: ಅವಳ ಹೆಸರು ಸುಭದ್ರಾಬಾಯಿ.